ಬೀಗಕ್ಕೆ ತನ್ನ ಕೀಲಿಕೈ ಗೊತ್ತಾಗುವುದು ಹೇಗೆ?

ನಿಮ್ಮ ಶಾಲೆಯಲ್ಲಿ ಎಷ್ಟು ಬೀಗಗಳಿವೆ? ಒಮ್ಮೆ ಎಣಿಸಿ ನೋಡಿ. ಮುಖ್ಯ ಶಿಕ್ಷಕರ ಕೊಠಡಿಗೆ ಒಂದು, ಬಿಸಿಯೂಟದ ಉಗ್ರಾಣಕ್ಕೆ ಒಂದು, ಪುಸ್ತಕದ ಬೀರುವಿಗೆ ಒಂದು, ಗೇಟಿಗೆ ಒಂದು. ಇವುಗಳ ಕೀಲಿಕೈಗಳೆಲ್ಲ ಒಂದೇ ಗೊಂಚಲಿನಲ್ಲಿ ತೂಗುತ್ತಿರುತ್ತವೆ. ನೋಡಲು ಎಲ್ಲವೂ ಹೆಚ್ಚುಕಡಿಮೆ ಒಂದೇ ತರಹ. ಆದರೂ ಉಗ್ರಾಣದ ಬೀಗಕ್ಕೆ ಗೇಟಿನ ಕೀಲಿಕೈ ಹಾಕಿದರೆ ಅದು ತಿರುಗುವುದಿಲ್ಲ.

ಬೀಗಕ್ಕೆ ಕಣ್ಣಿಲ್ಲ, ಮೆದುಳಿಲ್ಲ. ಕರೆಂಟು, ಬ್ಯಾಟರಿ ಕೂಡ ಇಲ್ಲ. ಹಾಗಾದರೆ ‘ಇದು ನನ್ನ ಕೀಲಿಕೈ, ಅದು ನನ್ನದಲ್ಲ’ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ ಬಹಳ ಚಿಕ್ಕದು. ಬೀಗ ಅಳತೆ ಮಾಡುತ್ತದೆ! ಕೀಲಿಕೈಯ ಮೇಲಿರುವ ಏರಿಳಿತಗಳ ಎತ್ತರವನ್ನು ಅದು ಒಂದೊಂದಾಗಿ ಅಳೆಯುತ್ತದೆ. ಎಲ್ಲ ಅಳತೆಗಳೂ ಸರಿಯಾಗಿದ್ದರೆ ಮಾತ್ರ ತಿರುಗಲು ಬಿಡುತ್ತದೆ. ಒಂದೇ ಒಂದು ಅಳತೆ ತಪ್ಪಿದರೂ ಬಿಡುವುದಿಲ್ಲ. ಈ ಅಳತೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಮೊದಲು ಬೀಗ ಮತ್ತು ಕೀಲಿಕೈಯ ಭಾಗಗಳ ಪರಿಚಯ ಮಾಡಿಕೊಳ್ಳೋಣ.

ಒಂದೇ ವಸ್ತು, ಹಲವು ಹೆಸರು

ನಮ್ಮ ನಾಡಿನಲ್ಲೇ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ. ಮೈಸೂರಿನ ಕಡೆ ‘ಬೀಗ’, ‘ಬೀಗದ ಕೈ’ ಎನ್ನುತ್ತಾರೆ. ಧಾರವಾಡದ ಕಡೆ ಬೀಗವನ್ನೇ ‘ಕೀಲಿ’ ಎನ್ನುತ್ತಾರೆ. ಅಲ್ಲಿ ‘ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದರ್ಥ. ಅದನ್ನು ತೆಗೆಯುವುದು ‘ಕೀಲಿಕೈ’. ಎರಡೂ ಕಡೆಯ ಹೆಸರಿನಲ್ಲಿ ‘ಕೈ’ ಇರುವುದನ್ನು ಗಮನಿಸಿದಿರಾ? ನಮ್ಮ ಕೈ ತೂರದ ಸಣ್ಣ ಕಂಡಿಯೊಳಗೆ ನಮಗಾಗಿ ಹೋಗಿ ಕೆಲಸ ಮಾಡುವ ಪುಟ್ಟ ಕೈ ಅದು. ಈ ಲೇಖನದಲ್ಲಿ ‘ಬೀಗ’, ‘ಕೀಲಿಕೈ’ ಎಂಬ ಹೆಸರುಗಳನ್ನು ಬಳಸೋಣ.

ಕೀಲಿಕೈಯನ್ನು ಕೈಯಲ್ಲಿ ಹಿಡಿದು ನೋಡಿ

ಮನೆಯಲ್ಲಿರುವ ಒಂದು ಚಪ್ಪಟೆ ಕೀಲಿಕೈ ತೆಗೆದುಕೊಳ್ಳಿ. ಒಂದು ಅಂಚು ಗರಗಸದಂತೆ ಏರಿಳಿದಿರಬೇಕು. ದೊಡ್ಡವರನ್ನು ಕೇಳಿಯೇ ತೆಗೆದುಕೊಳ್ಳಿ, ನೋಡಿದ ಮೇಲೆ ಇದ್ದ ಜಾಗದಲ್ಲೇ ಇಡಿ. ಈಗ ಒಂದೊಂದೇ ಭಾಗವನ್ನು ಗುರುತಿಸೋಣ.

ಹಿಡಿ: ಬೆರಳುಗಳಿಂದ ಹಿಡಿಯುವ ಅಗಲವಾದ ಭಾಗ. ಗೊಂಚಲಿಗೆ ಪೋಣಿಸಲು ಇದರಲ್ಲಿ ಒಂದು ತೂತು ಇರುತ್ತದೆ. ಹಿಡಿ ಅಗಲವಾಗಿರುವುದು ಅಂದಕ್ಕಲ್ಲ. ಅಗಲವಾದ ಹಿಡಿಯನ್ನು ತಿರುಗಿಸುವುದು ಸುಲಭ. ನಲ್ಲಿಯ ತಿರುಪನ್ನು ನೆನಪಿಸಿಕೊಳ್ಳಿ. ತಿರುಪು ಮುರಿದು ಬರೀ ಕಡ್ಡಿ ಉಳಿದರೆ ತಿರುಗಿಸಲು ಎಷ್ಟು ಕಷ್ಟ!

ಅಲಗು: ಬೀಗದ ಒಳಕ್ಕೆ ಹೋಗುವ ಉದ್ದನೆಯ ಭಾಗ.

ಭುಜ: ಹಿಡಿ ಮತ್ತು ಅಲಗು ಸೇರುವ ಕಡೆ ಇರುವ ಮೆಟ್ಟಿಲಿನಂಥ ಅಂಚು. ಕೀಲಿಕೈ ಎಲ್ಲಿಯವರೆಗೆ ಒಳಗೆ ಹೋಗಬೇಕೋ ಅಲ್ಲಿಗೆ ಇದು ತಡೆದು ನಿಲ್ಲಿಸುತ್ತದೆ. ಭುಜವಿಲ್ಲದ ಕೀಲಿಕೈಗಳೂ ಇವೆ. ಅವುಗಳಲ್ಲಿ ಅಲಗಿನ ತುದಿಯೇ ಒಳಗೆ ತಾಗಿ ನಿಲ್ಲುತ್ತದೆ.

ಕಚ್ಚುಗಳು: ಅಲಗಿನ ಅಂಚಿನಲ್ಲಿ ಕತ್ತರಿಸಿರುವ ತಗ್ಗುಗಳು. ಕೆಲವು ಕಚ್ಚು ಆಳ, ಕೆಲವು ಮೇಲುಮೇಲೆ. ಕೀಲಿಕೈಯ ಗುಟ್ಟೆಲ್ಲ ಇಲ್ಲಿಯೇ ಇದೆ.

ತೋಡು: ಅಲಗಿನ ಅಕ್ಕಪಕ್ಕದಲ್ಲಿ ಉದ್ದಕ್ಕೂ ಕೊರೆದಿರುವ ಸಣ್ಣ ಕಾಲುವೆ. ಬೀಗದ ಕಂಡಿಯೊಳಗೆ ಇದಕ್ಕೆ ಸರಿಹೊಂದುವ ಏಣುಗಳಿರುತ್ತವೆ. ತೋಡು ಮತ್ತು ಏಣು ಹೊಂದದಿದ್ದರೆ ಕೀಲಿಕೈ ಒಳಕ್ಕೇ ಹೋಗುವುದಿಲ್ಲ.

ತುದಿ: ಅಲಗಿನ ಕೊನೆ. ಇದು ಸಾಮಾನ್ಯವಾಗಿ ಓರೆಯಾಗಿರುತ್ತದೆ. ಏಕೆ ಎಂಬುದನ್ನು ಮುಂದೆ ನೋಡೋಣ.

ಕಚ್ಚು ಹಾಕುವ ಮೊದಲಿನ ಕೀಲಿಕೈಗೆ ‘ಬ್ಲಾಂಕ್’ ಎಂದು ಹೆಸರು. ಕೀ ಮಾಡುವವರ ಅಂಗಡಿಯಲ್ಲಿ ಇಂತಹ ನೂರಾರು ಬ್ಲಾಂಕುಗಳನ್ನು ಹಲಗೆಯ ಮೇಲೆ ನೇತು ಹಾಕಿರುತ್ತಾರೆ. ಅವಕ್ಕೆ ಹಿಡಿ ಇದೆ, ಅಲಗಿದೆ, ತೋಡಿದೆ. ಆದರೆ ಕಚ್ಚುಗಳಿಲ್ಲ. ಆದ್ದರಿಂದ ಅವು ಯಾವ ಬೀಗದ ಕೀಲಿಕೈಯೂ ಅಲ್ಲ. ಏನೂ ಬರೆಯದ ಹಾಳೆಯಂತೆ ಅವು ಖಾಲಿ.

ಸಿಲಿಂಡರಿನ ಒಳಗೆ ಏನಿದೆ?

ಈಗ ಬೀಗದ ಒಳಕ್ಕೆ ಹೋಗೋಣ. ಚಪ್ಪಟೆ ಕೀಲಿಕೈಯ ಬೀಗದ ಹೃದಯ ಎಂದರೆ ಅದರ ಸಿಲಿಂಡರ್. ಅಡುಗೆ ಮನೆಯ ಗ್ಯಾಸ್ ಸಿಲಿಂಡರ್ ಅಲ್ಲ! ಗಣಿತದಲ್ಲಿ ನೀವು ಓದುವ ಉರುಳೆಯ ಆಕಾರ. ಇದರಲ್ಲಿ ಎರಡು ಮುಖ್ಯ ಭಾಗಗಳಿವೆ.

ಹೊರಗಿನದು ಹೊರಕವಚ. ಇದು ಅಲುಗಾಡುವುದಿಲ್ಲ. ಇದರ ಒಳಗೆ ಸರಿಯಾಗಿ ಹೊಂದಿಕೊಂಡು ಕುಳಿತಿರುವುದು ಒಳ ಉರುಳೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ಲಗ್’ ಎನ್ನುತ್ತಾರೆ. ನೀವು ಕೀಲಿಕೈ ತಿರುಗಿಸಿದಾಗ ತಿರುಗುವುದು ಈ ಒಳ ಉರುಳೆಯೇ. ಇದರ ಉದ್ದಕ್ಕೂ ಇರುವ ಸೀಳಿಗೆ ಕೀಲಿಕಂಡಿ ಎನ್ನೋಣ. ಕೀಲಿಕೈ ಹೋಗುವುದು ಇದರೊಳಗೆ.

ಒಳ ಉರುಳೆ ಮುಗಿದು ಹೊರಕವಚ ಶುರುವಾಗುವ ಜಾಗ ಬಹಳ ಮುಖ್ಯ. ಅದನ್ನು ಗಡಿಗೆರೆ ಎಂದು ಕರೆಯೋಣ. ಇಂಗ್ಲಿಷಿನಲ್ಲಿ ಇದು ‘ಷಿಯರ್ ಲೈನ್’. ಈ ಹೆಸರನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಈ ಗೆರೆಯದೇ.

ಮೇಲಿನಿಂದ ಕೆಳಕ್ಕೆ ಹೊರಕವಚವನ್ನೂ ಒಳ ಉರುಳೆಯನ್ನೂ ಹಾದುಹೋಗುವಂತೆ ಒಂದೇ ಸಾಲಿನಲ್ಲಿ ತೂತುಗಳನ್ನು ಕೊರೆದಿರುತ್ತಾರೆ. ಸಾಮಾನ್ಯವಾಗಿ 5 ಅಥವಾ 6 ತೂತು. ಪ್ರತಿ ತೂತಿನಲ್ಲಿ ಮೂರು ವಸ್ತುಗಳು ಒಂದರ ಮೇಲೊಂದು ಇರುತ್ತವೆ. ಎಲ್ಲಕ್ಕಿಂತ ಕೆಳಗೆ ಕೆಳಪಿನ್ನು. ಕೀಲಿಕೈಯನ್ನು ಮುಟ್ಟುವುದು ಇದೇ. ಅದರ ಮೇಲೆ ಮೇಲ್ಪಿನ್ನು. ಅದರ ಮೇಲೆ ಒಂದು ಪುಟ್ಟ ಸ್ಪ್ರಿಂಗು. ಸ್ಪ್ರಿಂಗಿನ ಕೆಲಸ ಎರಡೂ ಪಿನ್ನುಗಳನ್ನು ಸದಾ ಕೆಳಕ್ಕೆ ಒತ್ತುವುದು.

ಇಲ್ಲಿ ಒಂದು ವಿಷಯ ಗಮನಿಸಿ. ಮೇಲ್ಪಿನ್ನುಗಳು ಸಾಮಾನ್ಯವಾಗಿ ಒಂದೇ ಉದ್ದ ಇರುತ್ತವೆ. ಕೆಳಪಿನ್ನುಗಳು ಹಾಗಲ್ಲ. ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ನಡುವಿನದು. ಯಾವ ತೂತಿನಲ್ಲಿ ಎಷ್ಟು ಉದ್ದದ ಕೆಳಪಿನ್ನು ಎಂಬುದೇ ಆ ಬೀಗದ ಗುಟ್ಟು.

ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ

ಕೀಲಿಕೈ ಇಲ್ಲದಿರುವಾಗ ಏನಾಗುತ್ತದೆ? ಸ್ಪ್ರಿಂಗು ಪಿನ್ನುಗಳನ್ನು ಕೆಳಕ್ಕೆ ತಳ್ಳುತ್ತದೆ. ಆಗ ಮೇಲ್ಪಿನ್ನಿನ ಅರ್ಧ ಒಳ ಉರುಳೆಯಲ್ಲಿ, ಇನ್ನರ್ಧ ಹೊರಕವಚದಲ್ಲಿ ಇರುತ್ತದೆ. ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತವರು ಬಾಗಿಲು ಮುಚ್ಚಲು ಬಿಡುತ್ತಾರೆಯೆ? ಹಾಗೆಯೇ ಗಡಿಗೆರೆಗೆ ಅಡ್ಡವಾಗಿ ನಿಂತ ಪಿನ್ನು ಒಳ ಉರುಳೆಯನ್ನು ತಿರುಗಲು ಬಿಡುವುದಿಲ್ಲ.

ಈಗ ಸರಿಯಾದ ಕೀಲಿಕೈ ಹಾಕಿ. ಅದರ ಓರೆ ತುದಿ ಮೊದಲು ಒಳಗೆ ಹೋಗುತ್ತದೆ. ಓರೆ ತುದಿ ಎಂದರೆ ಒಂದು ಪುಟ್ಟ ಇಳಿಜಾರು. ಲಾರಿಗೆ ಭಾರವಾದ ಪೀಪಾಯಿಯನ್ನು ಹಲಗೆಯ ಮೇಲೆ ಉರುಳಿಸಿ ಏರಿಸುವಂತೆ, ಈ ಇಳಿಜಾರು ಪಿನ್ನುಗಳನ್ನು ನಿಧಾನವಾಗಿ ಮೇಲಕ್ಕೆ ಏರಿಸುತ್ತದೆ. ಪಿನ್ನುಗಳು ಕಚ್ಚುಗಳ ಮೇಲೆ ಏರುತ್ತ ಇಳಿಯುತ್ತ ಸಾಗುತ್ತವೆ. ಕೀಲಿಕೈ ಹಾಕುವಾಗ ಕೇಳುವ ‘ಕಿರ್ರ್’ ಎಂಬ ಸದ್ದು ಇದರದೇ. ಭುಜ ತಾಗಿ ಕೀಲಿಕೈ ನಿಂತಾಗ ಪ್ರತಿ ಕೆಳಪಿನ್ನೂ ತನ್ನ ಕಚ್ಚಿನಲ್ಲಿ ಕುಳಿತಿರುತ್ತದೆ.

ಇಲ್ಲಿಯೇ ಸ್ವಾರಸ್ಯವಿರುವುದು. ಉದ್ದನೆಯ ಕೆಳಪಿನ್ನು ಇರುವ ಕಡೆ ಕಚ್ಚು ಆಳವಾಗಿರುತ್ತದೆ. ಗಿಡ್ಡ ಕೆಳಪಿನ್ನು ಇರುವ ಕಡೆ ಕಚ್ಚು ಮೇಲುಮೇಲೆ ಇರುತ್ತದೆ. ಹೀಗಾಗಿ ಎಲ್ಲ ಕೆಳಪಿನ್ನುಗಳ ತಲೆಯೂ ಒಂದೇ ಮಟ್ಟಕ್ಕೆ, ಸರಿಯಾಗಿ ಗಡಿಗೆರೆಗೆ ಬಂದು ನಿಲ್ಲುತ್ತದೆ. ಕೆಳಪಿನ್ನುಗಳೆಲ್ಲ ಗಡಿಯ ಕೆಳಗೆ, ಮೇಲ್ಪಿನ್ನುಗಳೆಲ್ಲ ಗಡಿಯ ಮೇಲೆ. ಅಡ್ಡ ನಿಂತವರು ಯಾರೂ ಇಲ್ಲ. ಈಗ ಒಳ ಉರುಳೆ ಸಲೀಸಾಗಿ ತಿರುಗುತ್ತದೆ. ಉರುಳೆಯ ಹಿಂಬದಿಗೆ ಜೋಡಿಸಿರುವ ಪಟ್ಟಿಯೂ ಜೊತೆಗೆ ತಿರುಗಿ ಬೀಗದ ಕೊಂಡಿಯನ್ನು ಬಿಡಿಸುತ್ತದೆ, ಇಲ್ಲವೆ ಬಾಗಿಲಿನ ಅಗುಳಿಯನ್ನು ಹಿಂದಕ್ಕೆ ಎಳೆಯುತ್ತದೆ.

ತಪ್ಪು ಕೀಲಿಕೈ ಹಾಕಿದರೆ? ಎರಡು ರೀತಿಯ ತಪ್ಪು ಆಗಬಹುದು. ಕಚ್ಚು ಬೇಕಾದ್ದಕ್ಕಿಂತ ಆಳವಾಗಿದ್ದರೆ ಕೆಳಪಿನ್ನಿನ ತಲೆ ಗಡಿಗೆರೆಯವರೆಗೆ ಬರುವುದಿಲ್ಲ. ಮೇಲ್ಪಿನ್ನು ಕೆಳಗಿಳಿದು ಅಡ್ಡ ನಿಲ್ಲುತ್ತದೆ. ಕಚ್ಚು ಬೇಕಾದ್ದಕ್ಕಿಂತ ಎತ್ತರವಾಗಿದ್ದರೆ ಕೆಳಪಿನ್ನೇ ಗಡಿ ದಾಟಿ ಮೇಲೇರಿ ಅಡ್ಡ ನಿಲ್ಲುತ್ತದೆ. ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ಸರಿಯಾದ ಎತ್ತರ ಒಂದೇ.

ನಿಮ್ಮ ತರಗತಿಯ ಫೋಟೋ ತೆಗೆಯುವಾಗ ಎತ್ತರ ಬೇರೆ ಬೇರೆ ಇರುವ ಐವರನ್ನು ಸಾಲಾಗಿ ನಿಲ್ಲಿಸಿ ಎಲ್ಲರ ತಲೆ ಒಂದೇ ಮಟ್ಟಕ್ಕೆ ಬರಬೇಕು ಎಂದರೆ ಏನು ಮಾಡುತ್ತೀರಿ? ಗಿಡ್ಡ ಇರುವವರ ಕಾಲ ಕೆಳಗೆ ಎತ್ತರದ ಕಲ್ಲು, ಎತ್ತರ ಇರುವವರ ಕಾಲ ಕೆಳಗೆ ತೆಳುವಾದ ಕಲ್ಲು ಇಡುತ್ತೀರಿ. ಆ ಕಲ್ಲುಗಳ ಸಾಲೇ ಕೀಲಿಕೈ. ನಿಂತ ಮಕ್ಕಳೇ ಕೆಳಪಿನ್ನುಗಳು. ಅದೇ ಕಲ್ಲುಗಳ ಮೇಲೆ ಬೇರೆ ಐವರನ್ನು ನಿಲ್ಲಿಸಿದರೆ ತಲೆಗಳು ಸಾಲಾಗುವುದಿಲ್ಲ.

ಮಾಡಿ ನೋಡಿ: ರಟ್ಟಿನ ಬೀಗ

ಬೇಕಾಗುವ ವಸ್ತುಗಳು: ಹಳೆಯ ನೋಟ್ ಪುಸ್ತಕದ ರಟ್ಟು, ಕತ್ತರಿ, ಸ್ಕೇಲು, ಪೆನ್ಸಿಲು, ಕೆಂಪು ಮತ್ತು ನೀಲಿ ಬಣ್ಣ.

1. ಒಂದು ದೊಡ್ಡ ಹಾಳೆಯ ಕೆಳಭಾಗದಲ್ಲಿ 10 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಇದು ತಳಗೆರೆ. ಅದರ ಮೇಲೆ ಸರಿಯಾಗಿ 6 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ಅಡ್ಡಗೆರೆ ಎಳೆಯಿರಿ. ಇದು ಗಡಿಗೆರೆ.

2. ತಳಗೆರೆಯ ಮೇಲೆ ತಲಾ 2 ಸೆಂ.ಮೀ. ಅಗಲದ ಐದು ಮನೆಗಳನ್ನು ಗುರುತಿಸಿ.

3. ರಟ್ಟಿನಲ್ಲಿ 2 ಸೆಂ.ಮೀ. ಅಗಲದ ಐದು ಪಟ್ಟಿಗಳನ್ನು ಕತ್ತರಿಸಿ. ಉದ್ದ ಕ್ರಮವಾಗಿ 2, 4, 3, 5, 2 ಸೆಂ.ಮೀ. ಇರಲಿ. ಇವಕ್ಕೆ ಕೆಂಪು ಬಣ್ಣ ಹಚ್ಚಿ. ಇವು ಕೆಳಪಿನ್ನುಗಳು.

4. ಅಷ್ಟೇ ಅಗಲದ, 3 ಸೆಂ.ಮೀ. ಉದ್ದದ ಐದು ಪಟ್ಟಿಗಳಿಗೆ ನೀಲಿ ಬಣ್ಣ ಹಚ್ಚಿ. ಇವು ಮೇಲ್ಪಿನ್ನುಗಳು.

5. ಈಗ ಕೀಲಿಕೈ ಮಾಡಿ. 10 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರದ ರಟ್ಟಿನ ತುಂಡಿನಲ್ಲಿ ಐದು ಮನೆಗಳ ಎತ್ತರ ಕ್ರಮವಾಗಿ 4, 2, 3, 1, 4 ಸೆಂ.ಮೀ. ಉಳಿಯುವಂತೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ.

6. ಹಾಳೆಯನ್ನು ನೆಲದ ಮೇಲೆ ಹಾಸಿ. ಕೀಲಿಕೈಯನ್ನು ತಳಗೆರೆಯ ಮೇಲೆ ಇಡಿ. ಪ್ರತಿ ಮನೆಯಲ್ಲೂ ಕೀಲಿಕೈಗೆ ತಾಗುವಂತೆ ಕೆಂಪು ಪಟ್ಟಿ, ಅದಕ್ಕೆ ತಾಗುವಂತೆ ನೀಲಿ ಪಟ್ಟಿ ಜೋಡಿಸಿ.

ಏನು ಕಾಣುತ್ತದೆ? ಎಲ್ಲ ಕೆಂಪು ಪಟ್ಟಿಗಳೂ ಗಡಿಗೆರೆಯಲ್ಲಿ ಮುಗಿಯುತ್ತವೆ, ಎಲ್ಲ ನೀಲಿ ಪಟ್ಟಿಗಳೂ ಅಲ್ಲಿಂದ ಶುರುವಾಗುತ್ತವೆ. ಬೀಗ ತೆರೆಯಿತು! ಕಾರಣ ಬರೀ ಕೂಡುವ ಲೆಕ್ಕ. ಮೊದಲ ಮನೆಯಲ್ಲಿ 4 + 2 = 6. ಎರಡನೆಯದರಲ್ಲಿ 2 + 4 = 6. ಉಳಿದ ಮನೆಗಳನ್ನೂ ಕೂಡಿ ನೋಡಿ. ಎಲ್ಲ ಕಡೆಯೂ ಮೊತ್ತ 6.

ಈಗ ನಿಮ್ಮ ಗೆಳೆಯರು ಬೇರೆ ಎತ್ತರಗಳ ಕೀಲಿಕೈ ಮಾಡಲಿ. ಮೂರನೆಯ ಮನೆಯಲ್ಲಿ 3ರ ಬದಲು 2 ಇದ್ದರೆ ಮೊತ್ತ 5 ಆಗುತ್ತದೆ. ನೀಲಿ ಪಟ್ಟಿ ಗಡಿಗೆರೆಗೆ ಅಡ್ಡ ಬರುತ್ತದೆ. 4 ಇದ್ದರೆ ಮೊತ್ತ 7 ಆಗುತ್ತದೆ. ಕೆಂಪು ಪಟ್ಟಿಯೇ ಅಡ್ಡ ಬರುತ್ತದೆ. ಬೀಗ ತೆರೆಯುವುದಿಲ್ಲ.

ಎಷ್ಟು ಬಗೆಯ ಕೀಲಿಕೈ ಮಾಡಬಹುದು?

ನಮ್ಮ ರಟ್ಟಿನ ಕೀಲಿಕೈಯಲ್ಲಿ ಪ್ರತಿ ಮನೆಯ ಎತ್ತರ 1ರಿಂದ 5ರವರೆಗೆ ಯಾವುದಾದರೂ ಇರಬಹುದು ಎಂದುಕೊಳ್ಳೋಣ. ಒಂದೇ ಮನೆ ಇದ್ದಿದ್ದರೆ 5 ಬಗೆಯ ಕೀಲಿಕೈ ಮಾತ್ರ ಸಾಧ್ಯ. ಎರಡು ಮನೆ ಇದ್ದರೆ 5 × 5 = 25. ಮೂರಾದರೆ 125. ನಾಲ್ಕಾದರೆ 625. ಐದಾದರೆ 3125! ಇನ್ನೊಂದು ಪಿನ್ನು ಸೇರಿಸಿದರೆ 15,625. ಒಂದೊಂದು ಪಿನ್ನು ಹೆಚ್ಚಿದಾಗಲೂ ಬಗೆಗಳು ಐದು ಪಟ್ಟು ಹೆಚ್ಚುತ್ತವೆ.

ಆದರೆ ಇವೆಲ್ಲವನ್ನೂ ಬಳಸಲಾಗದು. 3, 3, 3, 3, 3 ಎಂಬ ಕೀಲಿಕೈಯಲ್ಲಿ ಗುಟ್ಟೇ ಇಲ್ಲ, ಯಾರಾದರೂ ಊಹಿಸಬಹುದು. ಇನ್ನೊಂದು ತೊಂದರೆಯೂ ಇದೆ. ನಮ್ಮ ರಟ್ಟಿನ ಕೀಲಿಕೈಯಲ್ಲಿ 1ರ ಪಕ್ಕದಲ್ಲೇ 4 ಇದೆ. ಲೋಹದ ಕೀಲಿಕೈಯಲ್ಲಿ ಇಷ್ಟು ಕಡಿದಾದ ಏರು ಇದ್ದರೆ ಪಿನ್ನು ಅದನ್ನು ಹತ್ತಲಾರದೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅಕ್ಕಪಕ್ಕದ ಕಚ್ಚುಗಳ ನಡುವೆ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳುತ್ತಾರೆ. ನಿಜವಾದ ಕೀಲಿಕೈಯಲ್ಲಿ ಮೆಟ್ಟಿಲುಗಳಿಲ್ಲದೆ ಇಳಿಜಾರುಗಳಿರುವುದೂ ಇದಕ್ಕಾಗಿಯೇ.

ಬಗೆಗಳು ಇಷ್ಟೇ ಎಂದಾದ ಮೇಲೆ, ಲಕ್ಷಗಟ್ಟಲೆ ಬೀಗ ತಯಾರಾದಾಗ ಕೆಲವು ಬೀಗಗಳಿಗೆ ಒಂದೇ ಅಳತೆ ಬರಲೇಬೇಕಲ್ಲವೆ? ಹೌದು, ಬರುತ್ತದೆ. ನಿಮ್ಮ ಮನೆಯ ಕೀಲಿಕೈಯಿಂದ ತೆರೆಯುವ ಇನ್ನೊಂದು ಬೀಗ ಎಲ್ಲೋ ಒಂದು ಊರಿನಲ್ಲಿ ಇರಬಹುದು. ಆದರೆ ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ರಕ್ಷಣೆ ಇರುವುದು ಅಲ್ಲಿಯೇ.

ಲಿವರ್ ಬೀಗ

ನಿಮ್ಮ ಮನೆಯ ಬೀಗದ ಮೇಲೆ ‘6 ಲಿವರ್’, ‘7 ಲಿವರ್’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುವುದನ್ನು ನೋಡಿರಬಹುದು. ಇದು ಇನ್ನೊಂದು ಜಾತಿಯ ಬೀಗ. ಇದರಲ್ಲಿ ಪಿನ್ನುಗಳ ಬದಲು ತೆಳುವಾದ ಲೋಹದ ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ. ಅವೇ ಲಿವರುಗಳು. ಪ್ರತಿ ಲಿವರಿನಲ್ಲೂ ಒಂದು ಸಣ್ಣ ಕಂಡಿ ಇದೆ. ಕೀಲಿಕೈ ತಿರುಗಿದಾಗ ಅದರ ಹಲ್ಲುಗಳು ಲಿವರುಗಳನ್ನು ಎತ್ತುತ್ತವೆ. ಎಲ್ಲ ಕಂಡಿಗಳೂ ಒಂದೇ ನೇರಕ್ಕೆ ಬಂದರೆ ಒಂದು ಗೂಟ ಅವುಗಳ ನಡುವೆ ತೂರಿಹೋಗಿ ಬೀಗ ತೆರೆಯುತ್ತದೆ. ಒಂದು ಲಿವರು ಹೆಚ್ಚು ಎದ್ದರೂ, ಕಡಿಮೆ ಎದ್ದರೂ ದಾರಿ ಮುಚ್ಚಿರುತ್ತದೆ. ರೂಪ ಬೇರೆ, ತತ್ತ್ವ ಒಂದೇ: ಎತ್ತರದ ಅಳತೆ.

ಸಾವಿರಾರು ವರ್ಷಗಳ ಕಥೆ

ಪ್ರಾಚೀನ ಈಜಿಪ್ಟಿನ ಜನ ಮರದ ಬೀಗ ಬಳಸುತ್ತಿದ್ದರು. ಬಾಗಿಲಿನ ಅಗುಳಿಯಲ್ಲಿ ತೂತುಗಳು. ಮೇಲಿನಿಂದ ಮರದ ಗೂಟಗಳು ತಮ್ಮ ಭಾರದಿಂದಲೇ ಆ ತೂತುಗಳೊಳಗೆ ಬೀಳುತ್ತಿದ್ದವು. ಹಲ್ಲುಜ್ಜುವ ಬ್ರಷ್ಷಿನಂತೆ ಗೂಟಗಳಿದ್ದ ಮರದ ಕೀಲಿಕೈಯಿಂದ ಅವನ್ನು ಮೇಲೆತ್ತಿ ಅಗುಳಿಯನ್ನು ಎಳೆಯುತ್ತಿದ್ದರು. ಅದರಲ್ಲಿ ಸ್ಪ್ರಿಂಗು ಇರಲಿಲ್ಲ, ಗುರುತ್ವಾಕರ್ಷಣೆಯೇ ಕೆಲಸ ಮಾಡುತ್ತಿತ್ತು. ಆದರೆ ಒಂದು ಕೊರತೆ ಇತ್ತು. ಗೂಟಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಎತ್ತಿದರೂ ಬೀಗ ತೆರೆಯುತ್ತಿತ್ತು.

1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಈ ಕೊರತೆಯನ್ನು ಲಿವರ್ ಬೀಗದಲ್ಲಿ ನೀಗಿಸಿದರು. ಅವರ ಬೀಗದಲ್ಲಿ ಲಿವರು ಕಡಿಮೆ ಎದ್ದರೂ ತೆರೆಯದು, ಹೆಚ್ಚು ಎದ್ದರೂ ತೆರೆಯದು. ‘ಹೆಚ್ಚೂ ಬೇಡ, ಕಡಿಮೆಯೂ ಬೇಡ’ ಎಂಬ ಈ ವಿಚಾರವೇ ಇಂದಿನ ಬೀಗಗಳ ಬುನಾದಿ.

1784ರಲ್ಲಿ ಜೋಸೆಫ್ ಬ್ರಾಮಾ ಎಂಬವರು ಇನ್ನೂ ಗಟ್ಟಿಯಾದ ಬೀಗವೊಂದಕ್ಕೆ ಪೇಟೆಂಟ್ ಪಡೆದರು. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಪ್ರೆಸ್ ಕಂಡುಹಿಡಿದವರೂ ಇವರೇ. ಅವರ ಕಂಪನಿ ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ಕೀಲಿಕೈ ಇಲ್ಲದೆ ಇದನ್ನು ತೆರೆದವರಿಗೆ 200 ಗಿನಿ ಬಹುಮಾನ ಎಂದು ಸಾರಿತ್ತು. ಗಿನಿ ಎಂದರೆ ಆಗಿನ ಇಂಗ್ಲೆಂಡಿನ ಹಣ. ದಶಕಗಳು ಕಳೆದರೂ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗತಜ್ಞ ಬಂದರು. 16 ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಪಟ್ಟು ಅದನ್ನು ತೆರೆದೇಬಿಟ್ಟರು!

ಆಗ ದೊಡ್ಡ ಚರ್ಚೆಯೇ ಎದ್ದಿತು. ಬೀಗದ ದೋಷವನ್ನು ಹೀಗೆ ಬಹಿರಂಗ ಮಾಡಬಹುದೆ? ಕಳ್ಳರಿಗೆ ಅನುಕೂಲವಾಗುವುದಿಲ್ಲವೆ? ಹಾಬ್ಸ್ ಅವರ ಉತ್ತರ ಸರಳವಾಗಿತ್ತು. ಕಳ್ಳರಿಗೆ ದೋಷಗಳು ಮೊದಲೇ ಗೊತ್ತಿರುತ್ತವೆ, ಗೊತ್ತಿಲ್ಲದಿರುವುದು ಬೀಗವನ್ನು ನಂಬಿದ ಜನರಿಗೆ. ದೋಷ ತಿಳಿದರೆ ತಾನೇ ತಿದ್ದಲು ಸಾಧ್ಯ? ವಿಜ್ಞಾನದಲ್ಲಿಯೂ ಹೀಗೆಯೇ ಅಲ್ಲವೆ? ಪರೀಕ್ಷೆಗೆ ಒಡ್ಡಿದ ಮೇಲೆಯೇ ಯಾವ ವಿಚಾರವಾದರೂ ಗಟ್ಟಿಯಾಗುವುದು.

ನಾವು ಮೇಲೆ ನೋಡಿದ ಪಿನ್ನಿನ ಸಿಲಿಂಡರನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಲೈನಸ್ ಯೇಲ್. ಅವರ ತಂದೆಯ ಹೆಸರೂ ಲೈನಸ್ ಯೇಲ್. ತಂದೆ 1840ರ ದಶಕದಲ್ಲಿ ಪಿನ್ನುಗಳ ಬೀಗ ಮಾಡಿದ್ದರು. ಮಗ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದು, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಚಪ್ಪಟೆ ಕೀಲಿಕೈ ತಂದರು. ಅದಕ್ಕೆ ಮೊದಲು ಬಾಗಿಲು ದಪ್ಪವಾದಷ್ಟೂ ಕೀಲಿಕೈ ಉದ್ದವಾಗಬೇಕಿತ್ತು. ಯೇಲ್ ಸಿಲಿಂಡರನ್ನು ಬಾಗಿಲಿನ ಹೊರಮುಖದಲ್ಲೇ ಕೂರಿಸಿದ್ದರಿಂದ ಪುಟ್ಟ ಕೀಲಿಕೈ ಸಾಕಾಯಿತು. ಪಿನ್ನುಗಳನ್ನು ಸ್ಪ್ರಿಂಗು ಒತ್ತುವುದರಿಂದ ಈ ಸಿಲಿಂಡರನ್ನು ತಲೆಕೆಳಗಾಗಿ ಕೂರಿಸಿದರೂ ಕೆಲಸ ಮಾಡುತ್ತದೆ. ಈಜಿಪ್ಟಿನ ಮರದ ಬೀಗವನ್ನು ಹೀಗೆ ಮಾಡಲು ಸಾಧ್ಯವೆ? ಯೋಚಿಸಿ.

ನಮ್ಮ ದೇಶದಲ್ಲೂ ಬೀಗಕ್ಕೆ ಹೆಸರಾದ ಊರುಗಳಿವೆ. ಉತ್ತರ ಪ್ರದೇಶದ ಅಲಿಗಢ ಅವುಗಳಲ್ಲಿ ಒಂದು. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಕೈಯಿಂದಲೇ ಬೀಗ ಮಾಡುವ ಕುಶಲಕರ್ಮಿಗಳಿದ್ದಾರೆ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಗುಟ್ಟು ಲೋಹದಲ್ಲಿಲ್ಲ, ಸಂಖ್ಯೆಯಲ್ಲಿದೆ

ನಮ್ಮ ರಟ್ಟಿನ ಕೀಲಿಕೈಯನ್ನು 4-2-3-1-4 ಎಂಬ ಐದು ಅಂಕಿಗಳಲ್ಲಿ ಹೇಳಿಬಿಡಬಹುದು. ಈ ಅಂಕಿ ಗೊತ್ತಾದ ಯಾರು ಬೇಕಾದರೂ ಇನ್ನೊಂದನ್ನು ಮಾಡಬಹುದು. ಲೋಹದ ಕೀಲಿಕೈಯೂ ಅಷ್ಟೇ. ಅದರ ಕಚ್ಚುಗಳ ಆಳವನ್ನು ಅಂಕಿಗಳಲ್ಲಿ ಬರೆಯುತ್ತಾರೆ. ಕೀಲಿಕೈ ಎಂದರೆ ಲೋಹದ ಮೇಲೆ ಬರೆದ ಒಂದು ಸಂಖ್ಯೆ.

ಹಾಗಾದರೆ ಕೀಲಿಕೈಯನ್ನು ಕದಿಯದೆ, ಬರೀ ನೋಡಿಯೇ ಆ ಸಂಖ್ಯೆಯನ್ನು ಕದಿಯಬಹುದೆ? ಕದಿಯಬಹುದು. 2008ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು ಇದನ್ನು ತೋರಿಸಿದರು. ಸುಮಾರು 60 ಮೀಟರ್ ದೂರದ ಕಟ್ಟಡದ ಮೇಲಿನಿಂದ, ಮೇಜಿನ ಮೇಲಿದ್ದ ಕೀಲಿಕೈಗಳ ಫೋಟೋ ತೆಗೆದರು. ಕಂಪ್ಯೂಟರಿನ ಸಹಾಯದಿಂದ ಕಚ್ಚುಗಳ ಆಳವನ್ನು ಲೆಕ್ಕ ಹಾಕಿದರು. ಜನರನ್ನು ಎಚ್ಚರಿಸುವುದೇ ಅವರ ಉದ್ದೇಶವಾಗಿತ್ತು.

ಆದ್ದರಿಂದ ಕೀಲಿಕೈಯ ಫೋಟೋ ತೆಗೆದು ಮೊಬೈಲಿನಲ್ಲಿ ಯಾರಿಗೂ ಕಳಿಸಬೇಡಿ. ಕಚ್ಚುಗಳು ಕಾಣುವಂತೆ ಮೊಳೆಗೆ ನೇತು ಹಾಕಬೇಡಿ. ಅಪರಿಚಿತರು ಕೇಳಿದರೆ ಕೊಡಬೇಡಿ.

ನಕಲು ಮಾಡಿಸುವಾಗ ಇನ್ನೊಂದು ಎಚ್ಚರ ಬೇಕು. ಕೀ ಮಾಡುವವರು ಹಳೆಯ ಕೀಲಿಕೈಯನ್ನೂ ಬ್ಲಾಂಕನ್ನೂ ಯಂತ್ರದಲ್ಲಿ ಬಿಗಿದು, ಹಳೆಯದರ ಏರಿಳಿತದಂತೆಯೇ ಹೊಸದನ್ನು ಕತ್ತರಿಸುತ್ತಾರೆ. ಕೆಲವರು ಅರದಿಂದ ಉಜ್ಜಿಯೇ ಮಾಡುತ್ತಾರೆ. ಒಂದು ಆಳಕ್ಕೂ ಮುಂದಿನ ಆಳಕ್ಕೂ ಇರುವ ವ್ಯತ್ಯಾಸ ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಹೀಗಿರುವಾಗ ಸವೆದ ಕೀಲಿಕೈಯಿಂದ ನಕಲು ಮಾಡಿದರೆ ಆ ಸವಕಳಿಯೂ ನಕಲಿಗೆ ಬರುತ್ತದೆ. ನಕಲಿನಿಂದ ನಕಲು ಮಾಡಿಸಿದರೆ ತಪ್ಪು ಇನ್ನೂ ಬೆಳೆಯುತ್ತದೆ. ಆದ್ದರಿಂದ ಬೀಗದ ಜೊತೆ ಬಂದ ಮೂಲ ಕೀಲಿಕೈಗಳಲ್ಲಿ ಒಂದನ್ನು ಬಳಸದೆ ಜೋಪಾನವಾಗಿ ಇಡಬೇಕು. ನಕಲು ಬೇಕಾದಾಗ ಅದನ್ನೇ ಕೊಡಬೇಕು.

ಬೀಗ ಬಿಗಿಯಾದರೆ?

ಬಲವಂತ ಮಾಡಬೇಡಿ. ಹೆಚ್ಚಿನ ಕೀಲಿಕೈಗಳು ಹಿತ್ತಾಳೆಯವು. ತಾಮ್ರ ಮತ್ತು ಸತು ಸೇರಿದ ಹಿತ್ತಾಳೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ, ಆದರೆ ಮೆದು. ಜೋರು ಮಾಡಿದರೆ ಆಳವಾದ ಕಚ್ಚಿನ ಬಳಿ ಮುರಿಯುತ್ತದೆ, ತುಂಡು ಒಳಗೇ ಉಳಿಯುತ್ತದೆ. ಸಿಲಿಂಡರಿಗೆ ಅಡುಗೆ ಎಣ್ಣೆ ಬಿಡುವುದೂ ಒಳ್ಳೆಯದಲ್ಲ. ಎಣ್ಣೆಗೆ ಧೂಳು ಅಂಟಿ ಪಿನ್ನುಗಳು ಇನ್ನಷ್ಟು ಬಿಗಿಯಾಗುತ್ತವೆ. ಇದಕ್ಕೆ ಗ್ರಾಫೈಟ್ ಪುಡಿ ಒಳ್ಳೆಯದು. ಗ್ರಾಫೈಟ್ ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲೇ ಇದೆ. ಕಚ್ಚುಗಳ ಮೇಲೆ ಪೆನ್ಸಿಲನ್ನು ಚೆನ್ನಾಗಿ ಉಜ್ಜಿ, ಕೀಲಿಕೈಯನ್ನು ನಾಲ್ಕಾರು ಬಾರಿ ಹಾಕಿ ತೆಗೆದು ನೋಡಿ. ಗ್ರಾಫೈಟಿನ ನುಣುಪಾದ ಪದರಗಳು ಒಂದರ ಮೇಲೊಂದು ಜಾರಿ ಘರ್ಷಣೆಯನ್ನು ಕಡಿಮೆ ಮಾಡುತ್ತವೆ.

ಪದಪರಿಚಯ

ಕಚ್ಚು – ಕೀಲಿಕೈಯ ಅಂಚಿನಲ್ಲಿ ಕತ್ತರಿಸಿದ ತಗ್ಗು.
ಬ್ಲಾಂಕ್ – ಕಚ್ಚು ಹಾಕದ ಕೀಲಿಕೈ.
ಒಳ ಉರುಳೆ – ಕೀಲಿಕೈಯ ಜೊತೆ ತಿರುಗುವ ಭಾಗ.
ಹೊರಕವಚ – ಒಳ ಉರುಳೆಯನ್ನು ಸುತ್ತುವರಿದ, ತಿರುಗದ ಭಾಗ.
ಕೀಲಿಕಂಡಿ – ಕೀಲಿಕೈ ಹೋಗುವ ಸೀಳು.
ಗಡಿಗೆರೆ – ಒಳ ಉರುಳೆ ಮತ್ತು ಹೊರಕವಚ ಸೇರುವ ಜಾಗ.
ಕೊಂಡಿ – ತೂಗುಬೀಗದ ಮೇಲಿರುವ ಬಾಗಿದ ಸರಳು.

ಯೋಚಿಸಿ, ಉತ್ತರಿಸಿ

1. ರಟ್ಟಿನ ಬೀಗದ ಕೆಂಪು ಪಟ್ಟಿಗಳ ಉದ್ದ 1, 3, 4, 2, 3 ಆದರೆ ಕೀಲಿಕೈಯ ಎತ್ತರಗಳು ಎಷ್ಟಿರಬೇಕು?
2. ನಾಲ್ಕು ಪಿನ್ನು, ಪ್ರತಿ ಕಚ್ಚಿಗೆ ಆರು ಬಗೆಯ ಆಳ ಇದ್ದರೆ ಎಷ್ಟು ಬಗೆಯ ಕೀಲಿಕೈ ಸಾಧ್ಯ?
3. ಸ್ಪ್ರಿಂಗು ಮುರಿದರೆ ಮೇಲ್ಪಿನ್ನಿಗೆ ಏನಾಗಬಹುದು?

ಉತ್ತರಗಳು: 1) 5, 3, 2, 4, 3. 2) 6 × 6 × 6 × 6 = 1296. 3) ಪಿನ್ನನ್ನು ಒತ್ತಿ ಹಿಡಿಯುವ ಬಲ ಇರುವುದಿಲ್ಲ. ಅದು ಮೇಲೆಯೇ ಸಿಕ್ಕಿಕೊಂಡರೆ ಆ ತೂತಿನ ಕಾವಲು ಇಲ್ಲದಂತಾಗುತ್ತದೆ.